ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿದಾಗ: ಆಸ್ತಿ ವ್ಯವಹಾರದ ಮೋಸ ಪತ್ತೆ ಮಾಡುವ ಕೈಪಿಡಿ

ಮೇಜಿನ ಮೇಲೆ ಒಂದೇ ಜಾಗದ ಎರಡು ಪತ್ರ ಇದ್ದವು. ಒಂದಕ್ಕೂ ಇನ್ನೊಂದಕ್ಕೂ ಹನ್ನೊಂದು ವರ್ಷದ ಅಂತರ. ಬರೆದವರು ಬೇರೆ, ಸಹಿ ಬೇರೆ, ಕಾಗದದ ಬಣ್ಣವೂ ಬೇರೆ. ಆದರೆ ಎರಡರಲ್ಲೂ ಕಚೇರಿಯ ದುಂಡು ಮೊಹರು ಒಂದೇ ಕಡೆಗೆ ವಾಲಿತ್ತು. ಅಂಚಿನಲ್ಲಿ ಶಾಯಿ ಹತ್ತದೆ ಬಿಟ್ಟುಹೋದ ಅಕ್ಕಿಕಾಳಿನಷ್ಟು ಜಾಗವೂ ಎರಡರಲ್ಲೂ ಒಂದೇ ಕಡೆ ಇತ್ತು. ಕೈಯಿಂದ ಒತ್ತಿದ ಮೊಹರು ಎರಡು ಸಲ ಹಾಗೆ ಬೀಳುವುದಿಲ್ಲ. ಯಾರೋ ಒಂದರಿಂದ ಎತ್ತಿ ಇನ್ನೊಂದಕ್ಕೆ ಕೂರಿಸಿದ್ದರು.

ಅಷ್ಟು ಹೊತ್ತಿಗೆ ನಾನು ಅಡ್ವಾನ್ಸ್ ಕೊಟ್ಟಾಗಿತ್ತು. ಅದರಲ್ಲಿ ಅರ್ಧ ವಾಪಸ್ ಬರಲು ಒಂದೂವರೆ ವರ್ಷ ಹಿಡಿಯಿತು. ಇನ್ನರ್ಧ ಬರಲೇ ಇಲ್ಲ.

ಆಮೇಲೆ ಕೂತು ಯೋಚಿಸಿದಾಗ ನನಗೆ ಬೇಜಾರಾಗಿದ್ದು ಮೊಹರಿನ ವಿಷಯಕ್ಕಲ್ಲ. ಅದಕ್ಕೂ ಮೊದಲೇ ನಾಲ್ಕೈದು ಸಲ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತ್ತು. ಪ್ರತಿ ಸಲವೂ ಕೇಳಿದ್ದೆ. ಪ್ರತಿ ಸಲವೂ ಸಮಾಧಾನದ ಉತ್ತರ ಸಿಕ್ಕಿತ್ತು. ಉತ್ತರ ಕೊಟ್ಟವರು ಯಾರು ಅಂದರೆ, ಮಾರುತ್ತಿದ್ದವರೇ! ನಾನು ಪ್ರಶ್ನೆ ಕೇಳಿದ್ದೆ, ಪರೀಕ್ಷೆ ಮಾಡಿರಲಿಲ್ಲ. ಎರಡೂ ಬೇರೆ ಬೇರೆ.

ಹಾಗಾಗಿ ಇದು ಪರೀಕ್ಷೆ ಮಾಡುವ ಕೈಪಿಡಿ. ಜಾಗ ಕೊಳ್ಳಲಿ, ಮನೆ ಕೊಳ್ಳಲಿ, ಎಲ್ಲ ವ್ಯವಹಾರದಲ್ಲೂ ನಾಲ್ಕು ಕೊಂಡಿಗಳಿರುತ್ತವೆ: ಮಾರುವ ಮನುಷ್ಯ, ಹಕ್ಕಿನ ಕಾಗದ, ನೆಲದ ಮೇಲಿರುವ ಜಾಗ, ದುಡ್ಡು ಹೋಗುವ ಖಾತೆ. ಈ ನಾಲ್ಕೂ ಒಂದಕ್ಕೊಂದು ಹೊಂದಬೇಕು. ಮೋಸಗಾರ ಮಾಡುವುದು ಇಷ್ಟೇ. ಒಂದು ಕೊಂಡಿ ಕಳಚಿ ತನ್ನದೊಂದು ಹಾಕುತ್ತಾನೆ. ಅದು ನಿಮಗೆ ಕಾಣದ ಹಾಗೆ ನಡುವೆ ಅಡ್ಡ ನಿಲ್ಲುತ್ತಾನೆ. ಅವನು ಯಾವ ಕೊಂಡಿ ಬದಲಾಯಿಸಿದ್ದಾನೆ ಅನ್ನುವುದು ಮೊದಲಿಗೆ ಗೊತ್ತಾಗುವುದಿಲ್ಲ. ಎಲ್ಲಿ ಅಡ್ಡ ನಿಂತಿದ್ದಾನೆ ಅನ್ನುವುದು ಮಾತ್ರ ಬೇಗ ಕಾಣುತ್ತದೆ.

ಶುರು ಮಾಡುವ ಮುಂಚೆ

ಅನುಮಾನ ಬಂದ ಕ್ಷಣದಿಂದ ದುಡ್ಡು ನಿಲ್ಲಬೇಕು. "ಟೋಕನ್ ತಾನೇ, ಸ್ವಲ್ಪ ಅಲ್ವಾ" ಅನ್ನಿಸುತ್ತದೆ. ಮೊತ್ತ ಸಣ್ಣದೇ ಇರಬಹುದು. ಆದರೆ ಒಂದು ಸಲ ಕೊಟ್ಟ ಮೇಲೆ ನಮ್ಮ ಮನಸ್ಸೇ ಮಾರುವವನ ಪರ ವಕೀಲಿ ಶುರು ಮಾಡುತ್ತದೆ. ಕಂಡ ದೋಷಕ್ಕೆಲ್ಲ ನಾವೇ ಸಮಜಾಯಿಷಿ ಹುಡುಕುತ್ತೇವೆ. ನನಗೆ ಆಗಿದ್ದೂ ಅದೇ.

ಪರೀಕ್ಷೆಯ ದಾರಿ ನಿಮ್ಮದೇ ಆಗಿರಬೇಕು. ಅವರು ಕೊಟ್ಟ ನಂಬರಿಗೆ ಫೋನ್ ಮಾಡಿ, ಅವರು ಕಳಿಸಿದ ಲಿಂಕ್ ತೆರೆದು, ಅವರು ಕರೆತಂದ ಸರ್ವೇಯರ್ ಹತ್ತಿರ ಅಳೆಸಿ, ಅವರೇ ಗೊತ್ತು ಮಾಡಿದ ವಕೀಲರನ್ನು ಕೇಳಿ "ಎಲ್ಲ ಸರಿ ಇದೆ" ಅಂದುಕೊಂಡರೆ, ನೀವು ಒಬ್ಬನನ್ನೇ ನಾಲ್ಕು ಸಲ ಕೇಳಿದಂತೆ. "ಎಲ್ಲಾ ನಾವೇ ನೋಡ್ಕೋತೀವಿ, ನೀವು ಬಂದು ಸಹಿ ಹಾಕಿದ್ರೆ ಸಾಕು" ಅನ್ನುವ ಸೇವೆ ಎಷ್ಟೇ ಹಾಯಾಗಿ ಕಂಡರೂ ನನ್ನ ಲೆಕ್ಕದಲ್ಲಿ ಅದೇ ಮೊದಲ ಲಕ್ಷಣ.

ಇನ್ನೊಂದು ಮಾತು. ಒಂದು ಲಕ್ಷಣ ಕಂಡ ತಕ್ಷಣ ಎದುರಿನವರು ಕಳ್ಳರು ಅಂತ ತೀರ್ಮಾನಿಸಬೇಡಿ. ಲಕ್ಷಣ ಕಂಡರೆ ಒಂದು ಪರೀಕ್ಷೆ ಇಡಿ. ಆ ಪರೀಕ್ಷೆಗೆ ಅವರು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ನಿಜವಾದ ಸುಳಿವು ಸಿಗುವುದು ಅಲ್ಲಿ.

ಲಕ್ಷಣ: ವಿಪರೀತ ಆತುರ

"ನಾಳೆ ಸಂಜೆಯೊಳಗೆ ಹೇಳಿ. ಇನ್ನೊಬ್ಬರು ದುಡ್ಡು ಹಿಡ್ಕೊಂಡು ಕಾಯ್ತಿದಾರೆ." ಈ ಮಾತು ಕೇಳದೆ ಆಸ್ತಿ ಕೊಂಡವರು ಕಡಿಮೆ. ಇದರಲ್ಲಿ ಎಷ್ಟೋ ಸಲ ಬರೀ ವ್ಯಾಪಾರದ ಚಾಲಾಕಿತನ ಇರುತ್ತದೆ. ಕೆಲವು ಸಲ ನಿಜವೂ ಇರುತ್ತದೆ. ಆಸ್ಪತ್ರೆ ಖರ್ಚು, ಸಾಲದ ಗಡುವು, ಊರು ಬಿಡುವ ಅವಸರ ಯಾರಿಗೆ ಬೇಕಾದರೂ ಬರಬಹುದು.

ಪರೀಕ್ಷೆ ಸುಲಭ. ಒಂದು ವಾರ ಸಮಯ ಕೇಳಿ. "ನಮ್ಮ ವಕೀಲರು ದಾಖಲೆ ನೋಡಬೇಕು. ಅಷ್ಟರಲ್ಲಿ ಬೇರೆಯವರಿಗೆ ಹೋದರೂ ಪರವಾಗಿಲ್ಲ" ಅನ್ನಿ. ನಿಜವಾಗಿ ಅವಸರದಲ್ಲಿರುವ ಮಾಲೀಕ ಏನು ಮಾಡುತ್ತಾನೆ? ಅವತ್ತು ರಾತ್ರಿಯೇ ಕಾಗದದ ಕಟ್ಟು ಕಳಿಸುತ್ತಾನೆ. ನಿಮ್ಮ ವಕೀಲರಿಗೆ ತಾನೇ ಫೋನ್ ಮಾಡುತ್ತಾನೆ. ಪರೀಕ್ಷೆ ಬೇಗ ಮುಗಿಯಲಿ ಅಂತ ಓಡಾಡುತ್ತಾನೆ. ಮೋಸಗಾರ ಹಾಗೆ ಮಾಡುವುದಿಲ್ಲ, ಬೆಲೆ ಇಳಿಸುತ್ತಾನೆ! ನೀವು ಕೇಳಿದ್ದು ಸಮಯ, ಅವನು ಕೊಟ್ಟಿದ್ದು ರಿಯಾಯಿತಿ. ಸಮಯ ಯಾಕೆ ಕೊಡಲಾಗುವುದಿಲ್ಲ ಅಂತ ಅಲ್ಲೇ ಯೋಚಿಸಿ.

ಸುತ್ತಮುತ್ತಲಿನ ದರಕ್ಕಿಂತ ತೀರಾ ಕಡಿಮೆ ಬೆಲೆ ಹೇಳುವುದೂ ಇದೇ ಜಾತಿಗೆ ಸೇರಿದ್ದು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವ ಲಕ್ಷಣ ಅದು. ಆದರೂ ತಾನು ಮಾತ್ರ ಅದೃಷ್ಟವಂತ ಅಂದುಕೊಳ್ಳುವುದನ್ನು ಯಾರೂ ಬಿಡುವುದಿಲ್ಲ.

ಲಕ್ಷಣ: ಮಾಲೀಕರು ಎದುರಿಗೆ ಬರುವುದಿಲ್ಲ

ಯಾವ ಆಸ್ತಿ ಮೋಸಗಾರರಿಗೆ ಇಷ್ಟ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಖಾಲಿ ನಿವೇಶನ, ಬೀಗ ಹಾಕಿದ ಮನೆ, ದೂರದಲ್ಲಿರುವ ಅಥವಾ ತೀರಿಕೊಂಡ ಮಾಲೀಕ, ಮೇಲೆ ಯಾವ ಸಾಲವೂ ಇಲ್ಲ. ಸಾಲ ಇಲ್ಲ ಅನ್ನುವುದು ಕೊಳ್ಳುವವರಿಗೆ ಒಳ್ಳೆಯ ಸುದ್ದಿಯೇ. ಮೋಸಗಾರನಿಗೂ ಅದು ಒಳ್ಳೆಯ ಸುದ್ದಿ. ಸಾಲ ಇದ್ದಿದ್ದರೆ ನಡುವೆ ಬ್ಯಾಂಕ್ ಬಂದು ನೂರು ಪ್ರಶ್ನೆ ಕೇಳುತ್ತಿತ್ತು.

2014ರಲ್ಲಿ ಲಂಡನ್ನಿನಲ್ಲಿ ಒಂದು ಸಣ್ಣ ಕಂಪನಿ 11 ಲಕ್ಷ ಪೌಂಡ್ ಕೊಟ್ಟು ಮನೆ ಕೊಂಡಿತು. ಮಾರಿದವನು ಮಾಲೀಕನೇ ಅಲ್ಲ, ಮಾಲೀಕನ ಹೆಸರು ಹೇಳಿಕೊಂಡು ಬಂದ ಬೇರೆ ಮನುಷ್ಯ. ಎರಡೂ ಕಡೆ ವಕೀಲರಿದ್ದರು, ಗುರುತಿನ ಕಾಗದಗಳಿದ್ದವು. ಆದರೂ ದುಡ್ಡು ಹೋಯಿತು, ಮನೆ ಸಿಗಲಿಲ್ಲ. ಪ್ರಕರಣ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. 2018ರಲ್ಲಿ ಎರಡೂ ಕಡೆಯ ವಕೀಲರು ನಷ್ಟಕ್ಕೆ ಹೊಣೆ ಅಂತ ತೀರ್ಪು ಬಂತು. ಕೊಂಡವರಿಗೆ ಅದೊಂದು ಸಮಾಧಾನ. ಆದರೆ ನಾಲ್ಕು ವರ್ಷ ಕಾಯಬೇಕಾಯಿತು.

ಇಲ್ಲಿ ಜನ ಎಡವುವುದು ಒಂದೇ ಕಡೆ. ಗುರುತಿನ ಚೀಟಿ ನೋಡಿ ಮಾಲೀಕತ್ವ ಒಪ್ಪಿಕೊಂಡುಬಿಡುತ್ತಾರೆ. ಗುರುತಿನ ಚೀಟಿ ಹೇಳುವುದು ಹೆಚ್ಚೆಂದರೆ ಈ ಮನುಷ್ಯನ ಹೆಸರು ಇದು ಅಂತ. ಆ ಹೆಸರಿನ ಮಾಲೀಕ ಇವನೇ ಅಂತ ಅದು ಹೇಳುವುದಿಲ್ಲ. ಚೀಟಿಯೇ ನಕಲಿಯಾದರೆ ಅಷ್ಟೂ ಇಲ್ಲ.

ಪರೀಕ್ಷೆ ಹೀಗಿರಲಿ. ಸರ್ಕಾರಿ ದಾಖಲೆಯಲ್ಲಿ ಮಾಲೀಕರ ವಿಳಾಸ ಇರುತ್ತದೆ. ಆ ವಿಳಾಸಕ್ಕೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿ: "ನಿಮ್ಮ ಈ ಆಸ್ತಿಯನ್ನು ಕೊಳ್ಳುವ ಮಾತುಕತೆ ನಡೆದಿದೆ, ನಿಮಗೆ ಗೊತ್ತೇ?" ಮಾರುವವರು ಕೊಟ್ಟ ವಿಳಾಸಕ್ಕಲ್ಲ, ದಾಖಲೆಯಲ್ಲಿರುವ ವಿಳಾಸಕ್ಕೆ. ಹಳೇ ಕಾಲದ ಉಪಾಯ, ಖರ್ಚೂ ಕಡಿಮೆ. ಇದರ ಜೊತೆಗೆ ಹಿಂದಿನ ಐದಾರು ವರ್ಷದ ತೆರಿಗೆ ರಸೀದಿ, ನೀರು ಮತ್ತು ಕರೆಂಟ್ ಬಿಲ್ ಕೇಳಿ. ಕಳೆದ ವರ್ಷದ್ದು ಮಾತ್ರ ಇದೆ, ಅದಕ್ಕೂ ಹಿಂದಿನದು ಸಿಗುತ್ತಿಲ್ಲ ಅಂದರೆ ಅಲ್ಲಿ ನಿಲ್ಲಿ. ವರ್ಷಗಟ್ಟಲೆ ಆಸ್ತಿ ಇಟ್ಟುಕೊಂಡವರ ಮನೆಯಲ್ಲಿ ಬೇಡ ಅಂದರೂ ಹಳೇ ರಸೀದಿಗಳ ಕಂತೆ ಇರುತ್ತದೆ.

ವಿಡಿಯೋ ಕಾಲ್ ಮಾಡಿದರೆ ಸಾಕಾಗುವುದಿಲ್ಲವೇ ಅಂತ ಕೇಳುತ್ತಾರೆ. ಈಗ ಸಾಕಾಗುವುದಿಲ್ಲ. ಮುಖ ಬದಲಾಯಿಸುವ ತಂತ್ರ ಸುಲಭಕ್ಕೆ ಸಿಗುತ್ತದೆ. ಮಾಡುವುದಾದರೆ ಕಾಗದದಲ್ಲಿ ಇಲ್ಲದ ಪ್ರಶ್ನೆ ಕೇಳಿ. ಮಳೆ ಬಂದಾಗ ನೀರು ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಹಿಂದಿನ ಗೋಡೆ ಯಾವಾಗ ಕಟ್ಟಿದ್ದು, ಪಕ್ಕದವರ ಜೊತೆ ಜಗಳ ಏನಾದರೂ ಇತ್ತಾ. ನಿಜವಾದ ಮಾಲೀಕರು ಇದಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ, ತಡೆಯುವುದೇ ಕಷ್ಟ.

ಪವರ್ ಆಫ್ ಅಟಾರ್ನಿ, ಅಂದರೆ ಮಾಲೀಕರ ಪರವಾಗಿ ವ್ಯವಹಾರ ಮಾಡಲು ಅವರು ಬರೆದುಕೊಟ್ಟ ಅಧಿಕಾರ ಪತ್ರ, ಹಿಡಿದುಕೊಂಡು ಬಂದವರಿದ್ದರೆ ಮೂರು ವಿಷಯ ನೋಡಬೇಕು. ಬರೆದುಕೊಟ್ಟವರು ಇನ್ನೂ ಬದುಕಿದ್ದಾರಾ? ಅದನ್ನು ಹಿಂದೆಗೆದುಕೊಂಡಿಲ್ಲ ತಾನೇ? ಮಾರುವ ಅಧಿಕಾರ, ದುಡ್ಡು ಪಡೆಯುವ ಅಧಿಕಾರ ಎರಡೂ ಅದರಲ್ಲಿ ಬರೆದಿದೆಯಾ? ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ಕಾಗದ ಮಾತ್ರ ಹಾಗೇ ಉಳಿದಿರುತ್ತದೆ, ಸಹಿ ಅಸಲಿ, ಮೊಹರೂ ಅಸಲಿ. ನಕಲಿ ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಇನ್ನೊಂದು ಸಾಮಾನ್ಯ ದೋಷ, ಪಾಲುದಾರರನ್ನು ಮುಚ್ಚಿಡುವುದು. ನಾಲ್ಕು ಜನ ಅಣ್ಣ ತಮ್ಮ ಅಕ್ಕ ತಂಗಿಯರ ಆಸ್ತಿಯನ್ನು ಒಬ್ಬರೇ ಮಾರಲು ಬರುತ್ತಾರೆ. "ಅವರೆಲ್ಲಾ ಒಪ್ಪಿದ್ದಾರೆ" ಅನ್ನುತ್ತಾರೆ. ಒಪ್ಪಿದ್ದರೆ ಸಹಿ ಹಾಕಲು ಏನು ಕಷ್ಟ?

ಲಕ್ಷಣ: ಮೂಲ ಪತ್ರ ಇಲ್ಲ, ಇದ್ದರೂ ಏನೋ ಹೊಸದಾಗಿದೆ

ಕಾಗದದ ವಿಷಯಕ್ಕೆ ಸಮಯ ಕೊಡಬೇಕು. ಇಲ್ಲಿ ಸುಳಿವುಗಳು ಜಾಸ್ತಿ. ಅವಸರದಲ್ಲಿ ಒಂದೂ ಕಾಣುವುದಿಲ್ಲ.

"ಮೂಲ ಪತ್ರ ಕಳೆದುಹೋಗಿದೆ" ಅನ್ನುವ ಮಾತಿಗೆ ನಾಲ್ಕು ಕಾರಣ ಇರಬಹುದು. ನಿಜವಾಗಿಯೂ ಕಳೆದಿರಬಹುದು. ಸಾಲಕ್ಕೆ ಅಡವಿಟ್ಟಿರಬಹುದು. ಇನ್ನೊಬ್ಬ ಕೊಳ್ಳುವವರ ಕೈಯಲ್ಲಿ ಇರಬಹುದು. ಅಥವಾ ಮೂಲ ಪತ್ರ ಅನ್ನುವುದೇ ಯಾವತ್ತೂ ಇರಲಿಲ್ಲ. ಇದನ್ನು ಬಿಡಿಸಲು ತಾರೀಖು ನೋಡಿ. ಪತ್ರ ಕಳೆದಿದ್ದು ಯಾವಾಗ, ಪೊಲೀಸರಿಗೆ ದೂರು ಕೊಟ್ಟಿದ್ದು ಯಾವಾಗ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದು ಯಾವಾಗ? "ಆರು ವರ್ಷದ ಹಿಂದೆ ಮನೆ ಬದಲಾಯಿಸುವಾಗ ಕಳೆಯಿತು" ಅನ್ನುತ್ತಾರೆ. ದೂರು ನೋಡಿದರೆ ಹೋದ ವಾರದ್ದು! ಅಂದರೆ ಕಳೆದಿದ್ದು ನೆನಪಾಗಿದ್ದು ಕೊಳ್ಳುವವರು ಸಿಕ್ಕ ಮೇಲೆ. ಕೆಲವರ ವಿಷಯದಲ್ಲಿ ಅದು ಬರೀ ಸೋಮಾರಿತನ, ಒಪ್ಪುತ್ತೇನೆ. ಆದರೆ ಅಡವಿನ ಸಾಧ್ಯತೆ ತಳ್ಳಿಹಾಕದೆ ಮುಂದೆ ಹೋಗಬಾರದು.

ಮೂಲ ಪತ್ರ ಇದ್ದರೂ ಒಂದು ಪರೀಕ್ಷೆ ಬಿಡಬೇಡಿ. ನೋಂದಣಿ ಕಚೇರಿಗೆ ನೀವೇ ಅರ್ಜಿ ಹಾಕಿ ದೃಢೀಕೃತ ನಕಲು ಪಡೆಯಿರಿ. ಅವರು ಕೊಟ್ಟಿದ್ದನ್ನೂ ನೀವು ತಂದಿದ್ದನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬೆರಳಿಟ್ಟು ನೋಡುತ್ತಾ ಹೋಗಬೇಕು. ಸುಮ್ನೆ ಕಣ್ಣಾಡಿಸಿದರೆ ಪ್ರಯೋಜನವಿಲ್ಲ. ಇಡೀ ಪತ್ರ ನಕಲಿ ಮಾಡುವವರಿಗಿಂತ ಅಸಲಿ ಪತ್ರದಲ್ಲಿ ಒಂದೆರಡು ಕಡೆ ಕೈಯಾಡಿಸುವವರು ಚಾಲಾಕಿಗಳು. ಅಳತೆಯ ಒಂದು ಅಂಕಿ, ಚೆಕ್ಕುಬಂದಿಯ (ಜಾಗದ ನಾಲ್ಕು ಕಡೆಯ ಗಡಿ ವಿವರದ) ಒಂದು ದಿಕ್ಕು, ತಂದೆಯ ಹೆಸರು, ಪುಟದ ಸಂಖ್ಯೆ. ನನ್ನ ಕಣ್ಣಿಗೆ ಆ ಮೊಹರು ಬಿದ್ದಿದ್ದೂ ಹೀಗೆ ಜೋಡಿಸಿ ಇಟ್ಟ ಮೇಲೆಯೇ. ಬಿಡಿಬಿಡಿಯಾಗಿ ಎರಡೂ ಪತ್ರಗಳನ್ನು ಮೂರು ಸಲ ನೋಡಿದ್ದೆ, ಏನೂ ಕಂಡಿರಲಿಲ್ಲ.

ಕಾಲಕ್ಕೆ ಹೊಂದದ ವಸ್ತು ಕಾಗದದಲ್ಲಿ ಇದೆಯಾ ನೋಡಿ. ಪತ್ರದ ತಾರೀಖಿನ ಕಾಲಕ್ಕೆ ಇರದಿದ್ದ ಕಚೇರಿಯ ಹೆಸರು, ಆಮೇಲೆ ಬಂದ ಊರಿನ ಹೆಸರು, ಆಗ ಇಲ್ಲದ ಫೋನ್ ನಂಬರಿನ ಅಂಕಿಗಳು, ಅಕ್ಷರದ ಫಾಂಟ್ ಕೂಡ. 2017ರಲ್ಲಿ ಪಾಕಿಸ್ತಾನದಲ್ಲಿ ಲಂಡನ್ ಫ್ಲಾಟ್‌ಗಳಿಗೆ ಸಂಬಂಧಿಸಿದ ಒಂದು ಪತ್ರ ಇಡೀ ದೇಶದ ಚರ್ಚೆಯಾಗಿತ್ತು. ಪತ್ರದ ಮೇಲಿದ್ದ ವರ್ಷ 2006. ಅದರಲ್ಲಿದ್ದ ಫಾಂಟ್ ಕ್ಯಾಲಿಬ್ರಿ. ಅದು ಎಲ್ಲರ ಕೈಗೆ ಬಂದಿದ್ದು 2007ರಲ್ಲಿ ಅನ್ನುವುದು ತನಿಖೆ ಮಾಡಿದವರ ವಾದ. ಅದಕ್ಕೂ ಮೊದಲೇ ಪ್ರಾಯೋಗಿಕ ಆವೃತ್ತಿಯಲ್ಲಿ ಆ ಫಾಂಟ್ ಸಿಗುತ್ತಿತ್ತು ಅನ್ನುವುದು ಎದುರು ವಾದ. 2022ರಲ್ಲಿ ಆರೋಪಿ ಹೈಕೋರ್ಟಿನಲ್ಲಿ ಖುಲಾಸೆಯಾದರು. ಇಂಥ ಸುಳಿವು ಸಿಕ್ಕರೆ ಪರೀಕ್ಷೆ ಶುರುವಾಗಬೇಕು, ಮುಗಿಯಬಾರದು ಅನ್ನುವುದಕ್ಕೆ ಈ ಉದಾಹರಣೆ ಕೊಟ್ಟೆ.

ಸಹಿಗೆ ಸಾಕ್ಷಿ ನಿಂತವರನ್ನು ಹುಡುಕಿ ಕೇಳುವುದು ಎಲ್ಲಕ್ಕಿಂತ ನೇರವಾದ ದಾರಿ. ಯಾಕೋ ಯಾರೂ ಅದನ್ನು ಮಾಡುವುದಿಲ್ಲ. 2024ರ ಮೇ ತಿಂಗಳಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿಯ ಮನೆ ಗ್ರೇಸ್‌ಲ್ಯಾಂಡ್ ಹರಾಜಿಗೆ ಬಂತು. ಎಲ್ವಿಸ್ ಮಗಳು ಬದುಕಿದ್ದಾಗ ಮನೆ ಅಡವಿಟ್ಟು 38 ಲಕ್ಷ ಡಾಲರ್ ಸಾಲ ತೆಗೆದುಕೊಂಡಿದ್ದರು, ತೀರಿಸಿಲ್ಲ, ಅಂತ ಒಂದು ಕಂಪನಿಯ ಹೆಸರಿನಲ್ಲಿ ನೋಟಿಸ್ ಬಂದಿತ್ತು. ಕಾಗದದ ಮೇಲೆ ನೋಟರಿಯ ಹೆಸರೂ ಇತ್ತು. ಆ ನೋಟರಿಯನ್ನು ಕೇಳಿದರೆ, ನಾನು ಎಲ್ವಿಸ್ ಮಗಳನ್ನು ಯಾವತ್ತೂ ನೋಡಿಯೇ ಇಲ್ಲ ಅಂದರು. ನ್ಯಾಯಾಲಯ ಹರಾಜು ನಿಲ್ಲಿಸಿತು. ಇದರ ಹಿಂದಿದ್ದ ಮಹಿಳೆಯನ್ನು ಅದೇ ವರ್ಷ ಬಂಧಿಸಿದರು, 2025ರಲ್ಲಿ ಅವರು ತಪ್ಪೊಪ್ಪಿಕೊಂಡರು. ಅಷ್ಟು ದೊಡ್ಡ ಹೆಸರಿನ ಮನೆಗೇ ಕೈಹಾಕಿದವರು ನಮ್ಮ ನಿಮ್ಮ ಸೈಟ್ ಬಿಡುತ್ತಾರಾ?

ಇನ್ನೊಂದು ವಿಷಯ ಎಷ್ಟೋ ಓದಿಕೊಂಡವರಿಗೂ ಸ್ಪಷ್ಟವಿರುವುದಿಲ್ಲ. "ರಿಜಿಸ್ಟರ್ ಆಗಿದೆ" ಅಂದರೆ ಎಲ್ಲ ದೇಶದಲ್ಲೂ ಒಂದೇ ಅರ್ಥ ಅಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಒಂದು ಪದ್ಧತಿ ತಂದರು. ಅದರಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರವೇ ಜವಾಬ್ದಾರಿ. ಆದರೆ ಇನ್ನೂ ಎಷ್ಟೋ ಕಡೆ ನೋಂದಣಿ ಕಚೇರಿ ಬರೀ ಪತ್ರ ದಾಖಲು ಮಾಡಿಕೊಳ್ಳುತ್ತದೆ. ಮಾರಿದವನಿಗೆ ಮಾರುವ ಹಕ್ಕು ಇತ್ತಾ ಅಂತ ಅದು ಖಾತ್ರಿ ಕೊಡುವುದಿಲ್ಲ. ಅಂಥ ಕಡೆ ಇವನಿಗೆ ಯಾರಿಂದ ಬಂತು, ಅವನಿಗೆ ಯಾರಿಂದ ಬಂತು ಅಂತ ಸರಪಳಿ ಹಿಡಿದು ಹಿಂದಕ್ಕೆ ಹೋಗಬೇಕು. ನಡುವೆ ಒಂದು ಕೊಂಡಿ ಕಾಣೆಯಾಗಿದ್ದರೆ ದೋಷ ಇರುವುದು ಹೆಚ್ಚು ಕಮ್ಮಿ ಅಲ್ಲೇ. ಆಸ್ತಿ ಇರುವ ಕಡೆ ಎರಡರಲ್ಲಿ ಯಾವ ಪದ್ಧತಿ ಇದೆ ಅಂತ ವಕೀಲರನ್ನು ಮೊದಲೇ ಕೇಳಿಕೊಳ್ಳಿ.

ಒಂದೇ ಆಸ್ತಿಯನ್ನು ಇಬ್ಬರು ಮೂವರಿಗೆ ಮಾರುವ ಮೋಸ ನಡೆಯುವುದು ದಾಖಲೆ ನೋಡಿದ ದಿನಕ್ಕೂ ನೋಂದಣಿ ದಿನಕ್ಕೂ ನಡುವಿನ ಸಂದಿಯಲ್ಲಿ. ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಏರ್ಪಾಡು ಇದೆ. ಕೊಳ್ಳುವವರು ಕೇಳಿಕೊಂಡರೆ 30 ಕೆಲಸದ ದಿನ ಅವರ ಸರದಿ ಕಾಯ್ದಿಡುತ್ತಾರೆ, ನಡುವೆ ಬೇರೆಯವರು ನುಗ್ಗಲಾಗುವುದಿಲ್ಲ. ಅಂಥ ಏರ್ಪಾಡು ಇಲ್ಲದ ಕಡೆ ನೋಂದಣಿಯ ದಿನ ಬೆಳಗ್ಗೆ ದಾಖಲೆಯನ್ನು ಇನ್ನೊಂದು ಸಲ ತೆಗೆಸಿ ನೋಡಿ. ಮೂರು ತಿಂಗಳ ಹಿಂದೆ ತೆಗೆಸಿದ್ದು ಆ ಮೂರು ತಿಂಗಳ ಬಗ್ಗೆ ಏನೂ ಹೇಳುವುದಿಲ್ಲ.

ಲಕ್ಷಣ: ಜಾಗ ಅವರು ತೋರಿಸಿದಾಗ ಮಾತ್ರ ನೋಡಬೇಕು

1822ರ ಸುಮಾರಿಗೆ ಗ್ರೆಗರ್ ಮ್ಯಾಕ್‌ಗ್ರೆಗರ್ ಅನ್ನುವ ಸ್ಕಾಟ್ಲೆಂಡಿನ ಮನುಷ್ಯ ಮಧ್ಯ ಅಮೆರಿಕದಲ್ಲಿ ಪೋಯೈಸ್ ಅನ್ನುವ ದೇಶ ಇದೆ, ತಾನು ಅದರ ಒಡೆಯ ಅಂತ ಹೇಳಿ ಬ್ರಿಟನ್ನಿನಲ್ಲಿ ಜಮೀನು ಮಾರಿದ. ನಕ್ಷೆ ಇತ್ತು, ದಪ್ಪ ಪುಸ್ತಕ ಇತ್ತು, ನೋಟುಗಳನ್ನೂ ಅಚ್ಚು ಹಾಕಿಸಿದ್ದ. ಸುಮಾರು 250 ಜನ ಎರಡು ಹಡಗಿನಲ್ಲಿ ಹೊರಟು ಅಲ್ಲಿಗೆ ಹೋದರು. ಇದ್ದಿದ್ದು ಬರೀ ಕಾಡು. ಬಹಳಷ್ಟು ಜನ ರೋಗ ಬಂದು ಸತ್ತರು.

ಈಗ ದೇಶ ಸೃಷ್ಟಿಸುವ ಅಗತ್ಯ ಇಲ್ಲ, ಪಕ್ಕದ ಸೈಟ್ ತೋರಿಸಿದರೆ ಸಾಕು. ರಸ್ತೆ ಬದಿಯ ಒಳ್ಳೆಯ ಜಾಗ ತೋರಿಸುತ್ತಾರೆ, ಪತ್ರದಲ್ಲಿರುವುದು ಹಿಂದಿನ ಹಳ್ಳದ ಜಾಗ. ಅಥವಾ ಪತ್ರದ ಅಳತೆಯಲ್ಲಿ ಅರ್ಧ ರಸ್ತೆಗೆ ಹೋಗಿರುತ್ತದೆ.

ಪರೀಕ್ಷೆಗೆ ಎರಡು ಸಲ ಹೋಗಬೇಕು. ಒಂದು ಸಲ ನಿಮ್ಮದೇ ಸರ್ವೇಯರ್ ಜೊತೆ. ಪತ್ರದ ನಾಲ್ಕು ಮೂಲೆ ನೆಲದ ಮೇಲೆ ಎಲ್ಲಿ ಬೀಳುತ್ತವೆ ಅಂತ ಗುರುತು ಹಾಕಿಸಿ. ಇನ್ನೊಂದು ಸಲ ಹೇಳದೆ ಕೇಳದೆ, ರಜಾದಿನದಲ್ಲಿ, ಒಬ್ಬರೇ ಹೋಗಿ.

ನನ್ನ ಗೆಳೆಯನಿಗೆ ಒಂದು ಮನೆ ತೋರಿಸುವಾಗ ಮಧ್ಯವರ್ತಿ ಒಂದು ಮಾತು ಹೇಳಿದ್ದ: "ಆ ಪಕ್ಕದ ಮನೆ ಅಜ್ಜಿಗೆ ತಲೆ ಸರಿಯಿಲ್ಲ, ಮಾತಾಡಿಸೋಕೆ ಹೋಗ್ಬೇಡಿ." ಗೆಳೆಯ ನನಗೆ ಹೇಳಿದ, ನಾವಿಬ್ಬರೂ ಭಾನುವಾರ ಹೋಗಿ ಆ ಅಜ್ಜಿಯನ್ನೇ ಮಾತಾಡಿಸಿದೆವು. ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತಾ ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. "ಯಾರು, ಆ ಮನೆಯವರಾ? ಅವರು ಹೋಗಿ ಮೂರು ವರ್ಷ ಆಯ್ತಲ್ಲಪ್ಪಾ. ಮಣ್ಣಿಗೆ ನಾನೂ ಹೋಗಿದ್ದೆ." ಗೆಳೆಯನ ಬ್ಯಾಗಿನಲ್ಲಿ ಅದೇ ಮನೆಯವರು ಬರೆದುಕೊಟ್ಟ ಪವರ್ ಆಫ್ ಅಟಾರ್ನಿಯ ಜೆರಾಕ್ಸ್ ಇತ್ತು. ಅದರ ತಾರೀಖು ನಾಲ್ಕು ತಿಂಗಳ ಹಿಂದಿನದು.

ಯಾರ ಹತ್ತಿರ ಮಾತಾಡಬೇಡಿ ಅನ್ನುತ್ತಾರೋ ಅವರ ಹತ್ತಿರ ಮೊದಲು ಮಾತಾಡಿ. ನೆರೆಯವರಿಗೆ ನಿಮಗೆ ಏನನ್ನೂ ಮಾರಬೇಕಾಗಿಲ್ಲ. ಅದಕ್ಕೇ ಅವರ ಮಾತಿಗೆ ಬೆಲೆ.

ಲಕ್ಷಣ: ಖಾತೆ ನಂಬರ್ ಕೊನೆಯಲ್ಲಿ ಬದಲಾಯಿತು

ಇದರಲ್ಲಿ ಮಾರುವವರು ಅಸಲಿ, ಜಾಗ ಅಸಲಿ, ಪತ್ರವೂ ಅಸಲಿ. ಮೋಸಗಾರ ನಾಲ್ಕನೇ ಕೊಂಡಿಗೆ ಮಾತ್ರ ಕೈಹಾಕಿರುತ್ತಾನೆ. ವಕೀಲರದ್ದೋ ಮಧ್ಯವರ್ತಿಯದ್ದೋ ಇಮೇಲ್ ಒಳಗೆ ನುಗ್ಗಿ ವಾರಗಟ್ಟಲೆ ಸುಮ್ಮನೆ ಓದುತ್ತಾ ಕೂತಿರುತ್ತಾನೆ. ದುಡ್ಡು ಕಳಿಸುವ ಹಿಂದಿನ ದಿನ ಒಂದು ಮೇಲ್ ಬರುತ್ತದೆ: "ಆಡಿಟ್ ನಡೀತಿದೆ, ಹಳೇ ಖಾತೆಗೆ ಹಾಕಬೇಡಿ, ಈ ಹೊಸ ಖಾತೆಗೆ ಹಾಕಿ." ನಿಮ್ಮ ಫೈಲ್ ನಂಬರ್, ಮೊತ್ತ, ಮಾತಿನ ಧಾಟಿ ಎಲ್ಲ ಸರಿಯಾಗಿಯೇ ಇರುತ್ತದೆ.

ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ನೋಡಿ. ಇಂಗ್ಲಿಷಿನ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಅಂಟಿಸಿ ಬರೆದರೆ ಮೊಬೈಲ್ ಪರದೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಿಜವಾದ ವಿಳಾಸದಿಂದಲೇ ಮೇಲ್ ಬಂದಿದ್ದರೂ ನಂಬಬೇಡಿ, ಆ ಇಮೇಲ್ ಖಾತೆಯೇ ಕಳ್ಳನ ಕೈಯಲ್ಲಿರಬಹುದು. ಮೊದಲ ಭೇಟಿಯಲ್ಲಿ ಬರೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿ, ಖಾತೆ ನಂಬರನ್ನು ಅವರ ಬಾಯಲ್ಲಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರಿಗೆ ಮಾಡಲೇಬೇಡಿ. ಖಾತೆಯಲ್ಲಿರುವ ಹೆಸರು ಹೊಂದುತ್ತದೆಯಾ ಅಂತ ಮೊದಲೇ ತೋರಿಸುವ ಸೌಲಭ್ಯ ಬ್ರಿಟನ್ನಿನ ದೊಡ್ಡ ಬ್ಯಾಂಕುಗಳಲ್ಲಿ 2020ರಿಂದ ಇದೆ. ನಿಮ್ಮ ಬ್ಯಾಂಕಿನಲ್ಲಿ ಇದ್ದರೆ ಅದು ಕೊಡುವ ಎಚ್ಚರಿಕೆಯನ್ನು ಓದದೆ ಮುಂದಕ್ಕೆ ಒತ್ತಬೇಡಿ.

ಲಕ್ಷಣ: ನಿಮ್ಮನ್ನೂ ಒಂದು ಸಣ್ಣ ತಪ್ಪಿಗೆ ಸೇರಿಸಿಕೊಳ್ಳುತ್ತಾರೆ

1925ರಲ್ಲಿ ವಿಕ್ಟರ್ ಲುಸ್ಟಿಗ್ ಪ್ಯಾರಿಸ್‌ನಲ್ಲಿ ಐಫೆಲ್ ಗೋಪುರವನ್ನು ಗುಜರಿಗೆ ಮಾರಿದ ಕಥೆ ಎಲ್ಲರೂ ನಗುತ್ತಾ ಹೇಳುತ್ತಾರೆ. ಅದರಲ್ಲಿ ನನಗೆ ಕುತೂಹಲ ಅನ್ನಿಸುವುದು ಬೇರೆಯೇ. ಸರ್ಕಾರಿ ಅಧಿಕಾರಿಯ ವೇಷ ಹಾಕಿದ್ದ. ಜನ ವಿರೋಧ ಮಾಡುತ್ತಾರೆ, ವಿಷಯ ಗುಟ್ಟಾಗಿರಲಿ ಅಂದಿದ್ದ. ಕೊಳ್ಳುವವನಿಗೆ ಅನುಮಾನ ಬಂದಾಗ ಏನು ಮಾಡಿದ ಗೊತ್ತಾ? ಲಂಚ ಕೇಳಿದ. ಲಂಚ ಕೇಳುತ್ತಾನೆ ಅಂದರೆ ಇವನು ಅಸಲಿ ಅಧಿಕಾರಿಯೇ ಅಂತ ಎದುರಿನವನ ಅನುಮಾನ ಹೋಯಿತು! ಆಮೇಲೆ ಮೋಸ ಗೊತ್ತಾದರೂ ನಾಚಿಕೆಗೆ ಅವನು ದೂರು ಕೊಡಲಿಲ್ಲ.

ಆಸ್ತಿ ವ್ಯವಹಾರದಲ್ಲಿ ಇದರ ರೂಪ ಹೀಗಿರುತ್ತದೆ: ಪತ್ರದಲ್ಲಿ ಕಡಿಮೆ ಮೊತ್ತ ಬರೆಯೋಣ, ಉಳಿದಿದ್ದು ನಗದು ಕೊಡಿ, ರಸೀದಿ ಬೇಡ. ತೆರಿಗೆ ಉಳಿಯುತ್ತದೆ ಅಂತ ನಿಮಗೂ ಖುಷಿ. ಆದರೆ ನಗದಾಗಿ ಕೊಟ್ಟ ಭಾಗಕ್ಕೆ ಸಾಕ್ಷಿ ಇಲ್ಲ. ನಾಳೆ ದೂರು ಕೊಡಲು ಹೋದರೆ ಮೊದಲು ನೀವೇ ಉತ್ತರ ಹೇಳಬೇಕು. ಅವರಿಗೆ ಬೇಕಾಗಿದ್ದೂ ಅದೇ. ಪರೀಕ್ಷೆ ಒಂದೇ ಸಾಲು: "ಪೂರ್ತಿ ಮೊತ್ತ ಪತ್ರದಲ್ಲೇ ಬರಲಿ, ಪೂರ್ತಿ ಬ್ಯಾಂಕಿನಿಂದಲೇ ಕೊಡುತ್ತೇನೆ." ಇದಕ್ಕೆ ವ್ಯವಹಾರವೇ ಮುರಿದುಬಿದ್ದರೆ ಬೀಳಲಿ ಬಿಡಿ.

ಸುಳ್ಳು ಎಚ್ಚರಿಕೆಗಳು

ಎಲ್ಲದಕ್ಕೂ ಹೆದರಿದರೆ ಯಾರೂ ಏನೂ ಕೊಳ್ಳಲಾಗುವುದಿಲ್ಲ. ಹಳೇ ಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ತರ ಇರುವುದು ಸಹಜ. ಬರೆಯುವವರು ಕಿವಿಗೆ ಕೇಳಿದಂತೆ ಬರೆದಿರುತ್ತಾರೆ. ವಿದೇಶದಲ್ಲಿರುವ ಮಾಲೀಕರು ಪವರ್ ಆಫ್ ಅಟಾರ್ನಿ ಕೊಡುವುದೂ ಸಹಜ. ಅಳತೆಯಲ್ಲಿ ಒಂದೆರಡು ಅಡಿ ವ್ಯತ್ಯಾಸ ಹಳೇ ಸರ್ವೇಯದ್ದು ಇರಬಹುದು. ಮಾರುವವರು ಸಿಡುಕುವುದು ಕೂಡ ಲಕ್ಷಣವಲ್ಲ. ಹತ್ತನೇ ಸಲ ಕಾಗದ ಕೇಳಿದರೆ ನಾನೂ ಸಿಡುಕುತ್ತೇನೆ. ಮೋಸಗಾರರು ಸಿಡುಕುವುದು ಕಡಿಮೆ. ನನಗೆ ಮೋಸ ಮಾಡಿದವರಂತೂ ಬಹಳ ನಯವಾಗಿ ಮಾತಾಡುತ್ತಿದ್ದರು.

ವ್ಯತ್ಯಾಸ ಎಲ್ಲಿ ಅಂದರೆ, ಅಸಲಿ ಮನುಷ್ಯ ಗೊಣಗುತ್ತಲೇ ಪರೀಕ್ಷೆಗೆ ದಾರಿ ಬಿಡುತ್ತಾನೆ. ನಕಲಿ ಮನುಷ್ಯ ನಗುತ್ತಲೇ ಇನ್ನೊಂದು ದಾರಿ ತೋರಿಸುತ್ತಾನೆ.

ದೋಷ ಖಚಿತವಾದರೆ

ಎದುರಿನವರಿಗೆ ಹೇಳಬೇಡಿ. "ನಿಮ್ಮ ಮೋಸ ಗೊತ್ತಾಯ್ತು" ಅಂತ ಫೋನ್ ಮಾಡಿ ಕೂಗಬೇಕು ಅನ್ನಿಸುತ್ತದೆ. ನಾನು ಕೂಗಿದ್ದೆ. ಮಾರನೇ ದಿನದಿಂದ ಆ ನಂಬರ್ ಹತ್ತಲಿಲ್ಲ, ಕಚೇರಿ ಬಾಗಿಲೂ ತೆಗೆಯಲಿಲ್ಲ.

ದುಡ್ಡು ಹೋಗಿದ್ದರೆ ಮೊದಲ ಫೋನ್ ನಿಮ್ಮ ಬ್ಯಾಂಕಿಗೆ, ಅದೇ ಗಂಟೆಯಲ್ಲಿ. ಹಣ ತಡೆಹಿಡಿಯಿರಿ, ಆ ಕಡೆಯ ಬ್ಯಾಂಕಿಗೆ ತಿಳಿಸಿ ಅಂತ ಕೇಳಿ, ದೂರಿನ ನಂಬರ್ ಬರೆದುಕೊಳ್ಳಿ. ಆಮೇಲೆ ಪೊಲೀಸರಿಗೆ. ವಿದೇಶಕ್ಕೆ ಹೋದ ಹಣ ತಡೆಯುವ ಅಮೆರಿಕದ ಎಫ್‌ಬಿಐ ವ್ಯವಸ್ಥೆಯೇ 72 ಗಂಟೆಯೊಳಗೆ ತಿಳಿಸಿ ಅನ್ನುತ್ತದೆ. ಕಳ್ಳರು ಅದಕ್ಕಿಂತ ಬೇಗ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾರೆ. "ಸೋಮವಾರ ಬ್ಯಾಂಕಿಗೆ ಹೋಗಿ ವಿಚಾರಿಸೋಣ" ಅಂದರೆ ಕೈ ತೊಳೆದುಕೊಂಡಂತೆಯೇ.

ಮೆಸೇಜ್, ಕರೆಯ ವಿವರ, ಲಕೋಟೆ, ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ. ನಕಲಿ ಪತ್ರದ ಮೇಲೆ ಪೆನ್ನಿನಿಂದ ಗುರುತು ಹಾಕಬೇಡಿ. ಗುರುತು ಬೇಕಿದ್ದರೆ ಜೆರಾಕ್ಸ್ ಮೇಲೆ ಹಾಕಿ. ನಿಜವಾದ ಮಾಲೀಕರು ಯಾರು ಅಂತ ಗೊತ್ತಾದರೆ ವಕೀಲರ ಮೂಲಕ ಅವರಿಗೂ ತಿಳಿಸಿ. ತಮ್ಮ ಆಸ್ತಿ ಮಾರಾಟಕ್ಕಿದೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ನೋಂದಣಿ ಕಚೇರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಿಮ್ಮ ಕಣ್ಣೆದುರಿಗೇ ಒತ್ತಿಸಿಕೊಳ್ಳಿ.